ಸೌದಿಯಿಂದ – ಭಾಗ 14: ಮೊದಲ ಉಪವಾಸದ ತಲೆನೋವು

ಊರಿನಲ್ಲಿ ಶಿವರಾತ್ರಿ, ಅದರ ಹಿಂದೆಯೇ ಇಲ್ಲಿ ರಂಜಾನ್. ಹೋದ ವಾರ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅತ್ತಿಗೆಯೊಬ್ಬರು, "ಉಪವಾಸದ ದಿನ ಮಧ್ಯಾಹ್ನ ಆಗುವುದರೊಳಗೆ ತಲೆ ಸಿಡಿಯುತ್ತದೆ, ಈ ಸಲ ಮಾಡಲೋ ಬಿಡಲೋ" ಎಂದು ಕೇಳಿದ್ದರು. "ಅದೆಲ್ಲ ನೆಪ, ಹಿಂದಿನವರಿಗೆ ಎಲ್ಲಿತ್ತು ಇದು" ಎಂಬ ಉತ್ತರವೂ ಬಂತು. ಹಿಂದಿನವರಿಗೂ ಇತ್ತು. ಇವತ್ತು ಅದರ ಕಥೆ ಬರೆಯುತ್ತೇನೆ, ಸ್ವಲ್ಪ ಉದ್ದ ಆದೀತು.

ಮೊದಲು ಹೆಸರು ನೋಡಿ. ನಾವು ಅರೆತಲೆನೋವು ಎನ್ನುತ್ತೇವೆ. ಸುಶ್ರುತ ಸಂಹಿತೆಯಲ್ಲಿ ಹನ್ನೊಂದು ಬಗೆಯ ಶಿರೋರೋಗಗಳಲ್ಲಿ ಇದೂ ಒಂದು, ಹೆಸರು ಅರ್ಧಾವಭೇದಕ. ಗ್ರೀಕರ ವೈದ್ಯ ಗ್ಯಾಲನ್ 'ಹೆಮಿಕ್ರೇನಿಯಾ' ಎಂದ, ಅಂದರೆ ಅರ್ಧ ತಲೆ. ಅದೇ ಪದ ಸವೆದು ಸವೆದು ಫ್ರೆಂಚರ ಬಾಯಲ್ಲಿ 'ಮೈಗ್ರೇನ್' ಆಯಿತು. ಇಲ್ಲಿನ ಅರಬ್ಬಿಯಲ್ಲಿ 'ಶಕೀಕಾ', ಸೀಳುವುದು ಎಂಬ ಮೂಲದಿಂದ ಬಂದದ್ದು. ಅದೇ ಪದಕ್ಕೆ ಒಡಹುಟ್ಟಿದ ಅಕ್ಕತಂಗಿ ಎಂಬ ಅರ್ಥವೂ ಇದೆ! ಭಾಷೆ ಬೇರೆ ಬೇರೆ, ಆದರೆ ಎಲ್ಲರೂ ಅದೇ ಅರ್ಧ ತಲೆಯನ್ನೇ ಹಿಡಿದುಕೊಂಡು ಕೂತಿದ್ದರು. ನೆಪಕ್ಕೆ ಇಷ್ಟು ಹೆಸರು ಹುಟ್ಟುವುದಿಲ್ಲ.

1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಇದರ ಲಕ್ಷಣ ಬರೆದಿದ್ದಾನೆ. ರೋಗಿಗೆ ಮಾತಿನ ಸದ್ದೂ ಬೇಡ, ಬೆಳಕೂ ಬೇಡ, ಕತ್ತಲಲ್ಲಿ ಒಬ್ಬರೇ ಮಲಗಿದ್ದರೆ ಸಾಕು ಎನಿಸುತ್ತದಂತೆ. ಇವತ್ತು ನಾವು ಕೇಸ್ ಶೀಟಿನಲ್ಲಿ ಬರೆಯುವುದೂ ಅದನ್ನೇ. ಅವನಿಗಿಂತ ಸ್ವಲ್ಪ ಹಿರಿಯ, ಸ್ಪೇನಿನ ಕಾರ್ಡೊಬಾ ಕಡೆಯ ಅಲ್ ಝಹ್ರಾವಿ ಎಂಬ ಶಸ್ತ್ರವೈದ್ಯ, ಕಣತಲೆಯ ಹತ್ತಿರ ಚರ್ಮ ಕುಯ್ದು ಒಳಗೆ ಬೆಳ್ಳುಳ್ಳಿ ಎಸಳು ಇಡುವ ಚಿಕಿತ್ಸೆ ಬರೆದಿಟ್ಟಿದ್ದಾನೆ. ಅದಕ್ಕೂ ಜನ ಒಪ್ಪುತ್ತಿದ್ದರು ಎಂದರೆ ನೋವು ಎಷ್ಟಿತ್ತು ಎಂದು ಲೆಕ್ಕ ಹಾಕಿ.

ಈಗ ಕಾಫಿಗೆ ಬರೋಣ, ನಮ್ಮ ಚಿಕ್ಕಮಗಳೂರಿನವರ ವಿಷಯ. ಯೆಮನ್ನಿನ ಸೂಫಿಗಳು ರಾತ್ರಿಯ ಪ್ರಾರ್ಥನೆಗೆ ನಿದ್ದೆ ಬಾರದಿರಲಿ ಎಂದು ಕಾಫಿ ಕುಡಿಯುತ್ತಿದ್ದರು. ಅಲ್ಲಿಂದ ಅದು ಮಕ್ಕಾಗೆ ಬಂತು. 1511ರಲ್ಲಿ ಖಾಯಿರ್ ಬೇಗ್ ಎಂಬ ಅಧಿಕಾರಿ, ಜನ ರಾತ್ರಿ ಗುಂಪು ಕೂಡಿ ಕಾಫಿ ಕುಡಿಯುವುದನ್ನು ಕಂಡು, ಪಂಡಿತರನ್ನೂ ವೈದ್ಯರನ್ನೂ ಸೇರಿಸಿ ವಿಚಾರಣೆ ನಡೆಸಿದ. ಕಾಫಿಯ ಗುಣ ಶೀತ, ಒಣ, ಆರೋಗ್ಯಕ್ಕೆ ಕೆಟ್ಟದ್ದು ಎಂದು ವೈದ್ಯರು ಸಾಕ್ಷಿ ಹೇಳಿದರು. ಕಾಫಿಗೆ ನಿಷೇಧ ಬಿತ್ತು. ಆದರೆ ಕೈರೋದಲ್ಲಿದ್ದ ಸುಲ್ತಾನ ಅದನ್ನು ಪೂರ್ತಿ ಒಪ್ಪಲಿಲ್ಲ, ನಿಷೇಧ ಬಹಳ ದಿನ ನಿಲ್ಲಲಿಲ್ಲ. 1558ರಲ್ಲಿ ಅಲ್ ಜಝೀರಿ ಎಂಬಾತ ಈ ಕಥೆಯನ್ನೆಲ್ಲ ಬರೆದಿಟ್ಟ. ಮುಂದಿನದು ನಮಗೆಲ್ಲ ಗೊತ್ತು. 17ನೇ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಬಾಬಾ ಬುಡನ್ ಮೋಖಾದಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಹಾಕಿದರು ಎಂಬುದು ನಾವು ಕೇಳಿಕೊಂಡೇ ಬೆಳೆದ ಮಾತು.

ಕುಡಿದರೆ ಏನಾಗುತ್ತದೆ ಎಂಬುದು ಮಕ್ಕಾದ ವಿಚಾರಣೆಯ ಪ್ರಶ್ನೆ. ಬಿಟ್ಟರೆ ಏನಾಗುತ್ತದೆ ಎಂಬುದು ಅತ್ತಿಗೆಯ ಪ್ರಶ್ನೆ. ಅದಕ್ಕೆ ಉತ್ತರ ಸಿಗಲು ಬಹಳ ಕಾಲ ಬೇಕಾಯಿತು. 1819ರಲ್ಲಿ ಜರ್ಮನಿಯ ರುಂಗೆ ಕಾಫಿಯಿಂದ ಕೆಫೀನ್ ಬೇರ್ಪಡಿಸಿದ. 1943ರಲ್ಲಿ ಅಮೆರಿಕದ ಡ್ರೈಸ್‌ಬಾಕ್ ಮತ್ತು ಫೈಫರ್, ಕೆಫೀನ್ ಕೊಟ್ಟು ಅಭ್ಯಾಸ ಮಾಡಿಸಿ ಆಮೇಲೆ ಥಟ್ಟನೆ ನಿಲ್ಲಿಸಿದರೆ ತಲೆನೋವು ಬರುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿ ಇಟ್ಟಿರುತ್ತದೆ. ನಿಲ್ಲಿಸಿದಾಗ ಅವು ಹಿಗ್ಗುತ್ತವೆ. ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಯೊಳಗೆ ನೋವು ಶುರು. ದಿನಕ್ಕೆ ಒಂದು ಸ್ಟ್ರಾಂಗ್ ಲೋಟ ಕುಡಿಯುವವರಿಗೂ ಇದು ಬರಬಹುದು.

ಸೌದಿಯದೇ ಲೆಕ್ಕವೂ ಇದೆ. ಅವಾದಾ ಮತ್ತು ಅಲ್ ಜುಮಾ ಎಂಬ ಇಬ್ಬರು ವೈದ್ಯರು ರಿಯಾದಿನ ಒಂದು ಆಸ್ಪತ್ರೆಯ ಸಿಬ್ಬಂದಿಯನ್ನೇ ರಂಜಾನಿನ ಮೊದಲ ದಿನದ ಬಗ್ಗೆ ಕೇಳಿ, 1999ರಲ್ಲಿ ಪ್ರಕಟಿಸಿದರು. ಉಪವಾಸ ಮಾಡಿದ 91 ಜನರಲ್ಲಿ ಶೇ. 41 ಮಂದಿಗೆ ತಲೆನೋವು, ಮಾಡದ 25 ಜನರಲ್ಲಿ ಶೇ. 8 ಮಂದಿಗೆ ಮಾತ್ರ. ಹೆಚ್ಚಿನವರದ್ದು ಮೈಗ್ರೇನ್ ಅಲ್ಲ, ತಲೆಗೆ ಪಟ್ಟಿ ಕಟ್ಟಿದಂಥ ಬಿಗಿತದ ನೋವು. ಉಪವಾಸದ ಗಂಟೆ ಹೆಚ್ಚಿದಂತೆ ನೋವೂ ಹೆಚ್ಚು, ಮೊದಲೇ ತಲೆನೋವಿನ ಸ್ವಭಾವ ಇದ್ದವರಿಗೆ ಇನ್ನೂ ಹೆಚ್ಚು. ಹೊರಗಿನ ಕಾರಣಗಳಲ್ಲಿ ಮುಖ್ಯವಾಗಿ ಕಂಡದ್ದು ಕಾಫಿ ನಿಂತದ್ದು. ಅದಕ್ಕೂ ನಾಲ್ಕು ವರ್ಷ ಮೊದಲು, 1995ರಲ್ಲಿ, ಇಸ್ರೇಲಿನಲ್ಲಿ ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸದ ಬಗ್ಗೆ ಇಂಥದ್ದೇ ಅಧ್ಯಯನ ನಡೆದಿತ್ತು. ಅಲ್ಲಿ ಶೇ. 39. ಧರ್ಮ ಯಾವುದಾದರೂ ತಲೆ ಒಂದೇ.

ನಮ್ಮ ಅಜ್ಜಿಯಂದಿರ ಒಪ್ಪತ್ತು ನೆನಪಿಸಿಕೊಳ್ಳಿ. ಅನ್ನ ಬಿಡುತ್ತಿದ್ದರು, ಕಾಫಿ ಬಿಡುತ್ತಿರಲಿಲ್ಲ. ಅದನ್ನು ನೋಡಿ ನಾವು ನಗುತ್ತಿದ್ದೆವು, ಆದರೆ ಅವರ ತಲೆ ಉಳಿದದ್ದೂ ಅದರಿಂದಲೇ ಇರಬಹುದು! ಇಲ್ಲಿನ ರೋಜಾದಲ್ಲಿ ನಸುಕಿನಿಂದ ಸಂಜೆಯವರೆಗೆ ಹನಿ ನೀರೂ ಇಲ್ಲ. ಅದರ ಜೊತೆಗೆ ಅಂಗಡಿ ಬೀದಿಯೆಲ್ಲ ಮಧ್ಯರಾತ್ರಿ ದಾಟಿದರೂ ತೆರೆದಿರುತ್ತವೆ, ನಿದ್ದೆ ತಲೆಕೆಳಗು. ಈದ್ ಬಂತೆಂದರೆ ಮನೆಮನೆಯಲ್ಲೂ ಬಖೂರಿನ ಹೊಗೆ. ಗಾಢ ವಾಸನೆ ಮೈಗ್ರೇನ್ ಇದ್ದವರಿಗೆ ಆಗುವುದಿಲ್ಲ. ನಮ್ಮ ಧೂಪ, ಅಗರಬತ್ತಿಗೂ ಇದೇ ಮಾತು.

ಹಾಗಾದರೆ ಮಾಡುವುದೇನು? ಹಬ್ಬಕ್ಕೆ ಎರಡು ವಾರ ಮುಂಚೆಯೇ ಕಾಫಿ, ಟೀ ಒಂದೊಂದು ಲೋಟವಾಗಿ ಇಳಿಸಿ. ರೋಜಾ ಇರುವ ನಮ್ಮೂರ ಗೆಳತಿಯರು ನಸುಕಿನ ಸಹರಿ ತಪ್ಪಿಸಬೇಡಿ, ಒಂದು ಲೋಟ ಕಾಫಿ ಬೇಕೆಂದರೆ ಆಗಲೇ ಕುಡಿಯಿರಿ, ರಾತ್ರಿಯಿಡೀ ಆಗಾಗ ನೀರು ಕುಡಿಯಿರಿ. ಶಿವರಾತ್ರಿ ಜಾಗರಣೆ ಮಾಡುವವರು ಮಾರನೇ ದಿನ ಮಲಗಲು ಸಮಯ ಇಟ್ಟುಕೊಳ್ಳಿ. ಮೈಗ್ರೇನಿಗೆ ದಿನಾ ಮಾತ್ರೆ ಇರುವವರು ಉಪವಾಸಕ್ಕೆ ಮೊದಲೇ ಡಾಕ್ಟರ ಹತ್ತಿರ ಹೊತ್ತು ಬದಲಾಯಿಸಿಕೊಳ್ಳಿ. ಮೆಡಿಕಲ್ಲಿನಿಂದ ನೋವಿನ ಮಾತ್ರೆ ತಂದು ತಿಂಗಳಿಗೆ ಹದಿನೈದು ದಿನ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಹುಟ್ಟುತ್ತದೆ, ಕೆಲವು ಮಾತ್ರೆಗಳಿಗೆ ಹತ್ತು ದಿನವೇ ಸಾಕು. ಥಟ್ಟನೆ ಸಿಡಿಲು ಬಡಿದಂಥ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಉಪವಾಸ, ಹಬ್ಬ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಮಾಡಲೋ ಬಿಡಲೋ ಎಂಬ ಪ್ರಶ್ನೆಗೆ ಇಲ್ಲಿನವರ ಧರ್ಮದಲ್ಲೇ ಉತ್ತರವಿದೆ. ಕಾಯಿಲೆಯವರು ಈಗ ಬಿಟ್ಟು ಬೇರೆ ದಿನ ಮಾಡಬಹುದು ಎಂದು ಕುರಾನಿನಲ್ಲೇ ಹೇಳಿದೆ. ಅತ್ತಿಗೇ, ನಮ್ಮ ಶಿವನೇನು ಅದಕ್ಕಿಂತ ಕಠಿಣದವನೇ? ಈ ಸಲ ಹಣ್ಣು, ಹಾಲು, ಒಂದು ಲೋಟ ಕಾಫಿ ಇಟ್ಟುಕೊಂಡೇ ಉಪವಾಸ ಮಾಡಿ. ಯಾರಾದರೂ ನೆಪ ಎಂದರೆ ಇದನ್ನು ಓದಲು ಕೊಡಿ.