ಸೂರ್ಯನ ಗಾಳಿಯಲ್ಲಿ ಭೂಮಿ: ಶಿಕಾಗೊ–ಡೆಟ್ರಾಯಿಟ್ ಸೀಮೆಯ ಕೊಡುಗೆ

ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿ ಮೊದಲ ವಾರದಲ್ಲಿ. ಆಗ ಅಂತರ ಸುಮಾರು 14.7 ಕೋಟಿ ಕಿ.ಮೀ.; ಜುಲೈನಲ್ಲಿ 15.2 ಕೋಟಿ. ಆದರೂ ಶಿಕಾಗೊ ಥರಗುಟ್ಟುವುದು ಆ ಜನವರಿಯಲ್ಲೇ. ಚಳಿ ಬಿಸಿಲನ್ನು ತೀರ್ಮಾನಿಸುವುದು ದೂರವಲ್ಲ, ಭೂ ಅಕ್ಷದ 23.4 ಡಿಗ್ರಿ ವಾಲಿಕೆ. ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ 53 ಡಿಗ್ರಿಗೂ ಮೇಲಿದ್ದರೆ ಶಿಕಾಗೊದಲ್ಲಿ 25 ಡಿಗ್ರಿಯನ್ನೂ ದಾಟುವುದಿಲ್ಲ. ಇಷ್ಟು ಲೆಕ್ಕ 19ನೆಯ ಶತಮಾನಕ್ಕೆ ಚೆನ್ನಾಗಿ ಗೊತ್ತಿತ್ತು. ಬರಿದಾದ ಆಕಾಶದಾಚೆ ಒಂದು ಬೆಂಕಿಯುಂಡೆ. ಅದರ ಬೆಳಕು 8 ನಿಮಿಷ 20 ಸೆಕೆಂಡಿನಲ್ಲಿ ನಮ್ಮನ್ನು ತಲುಪುತ್ತದೆ. ಸಂಬಂಧ ಅಲ್ಲಿಗೆ ಮುಗಿಯಿತು ಎಂಬುದು ಅಂದಿನ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಭೂಮಿ ಸೂರ್ಯನಿಂದ ಬೇರೆಯಾಗಿ ನಿಂತಿಲ್ಲ, ಸೂರ್ಯ ಎಡೆಬಿಡದೆ ಹೊರಚೆಲ್ಲುವ ವಾತಾವರಣದ ಒಳಗೇ ಸುತ್ತುತ್ತಿದೆ ಎಂಬ ಉಳಿದರ್ಧ ಬಹುಪಾಲು ಸ್ಪಷ್ಟವಾದದ್ದು ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ, ಸುಮಾರು 70 ವರ್ಷಗಳ ಕೆಲಸದಿಂದ.

ಸುಳಿವು ಮೊದಲೇ ಸಿಕ್ಕಿತ್ತು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಕಲೆಗಳ ಗುಂಪಿನ ಮೇಲೆ ಒಂದು ಉಜ್ವಲ ಸ್ಫೋಟ ಕಂಡರು. ಹದಿನೇಳು ಹದಿನೆಂಟು ಗಂಟೆಗಳ ನಂತರ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಯಿತು, ತಂತಿ ವ್ಯವಸ್ಥೆ ಕೆಟ್ಟಿತು. ಬೆಳಕಿಗೆ ಎಂಟು ನಿಮಿಷ ಸಾಕಾಗಿರುವಾಗ ಇಷ್ಟು ತಡವಾಗಿ ಬಂದದ್ದು ಬೆಳಕಾಗಿರಲಾರದು. ಆದರೆ 1892ರಲ್ಲಿ ಲಾರ್ಡ್ ಕೆಲ್ವಿನ್ ಈ ನಂಟನ್ನೇ ತಳ್ಳಿಹಾಕಿದರು: ಸಾಧಾರಣ ಕಾಂತ ಬಿರುಗಾಳಿಯೊಂದಕ್ಕೂ ಸೂರ್ಯ ತಿಂಗಳುಗಟ್ಟಲೆ ಸೂಸುವಷ್ಟು ಶಕ್ತಿ ಬೇಕಾದೀತು ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಊಹೆಯಲ್ಲಿ. ಸೂರ್ಯ ಎಲ್ಲ ದಿಕ್ಕಿಗೂ ಕಾಂತ ಅಲೆ ಕಳಿಸುತ್ತಾನೆಂದು ಅವರು ಭಾವಿಸಿದ್ದರು. ಕಾಂತತೆಯನ್ನು ಹೊತ್ತ ವಸ್ತುವೇ ಒಂದು ದಿಕ್ಕಿಗೆ ಹೊರಟುಬರಬಹುದು ಎಂಬುದು ಅವರ ಎಣಿಕೆಯಲ್ಲಿರಲಿಲ್ಲ.

ಅದನ್ನು ಎಣಿಕೆಗೆ ತರಲು ಸೂರ್ಯನಲ್ಲಿ ನಡೆಯುವುದನ್ನು ದಿನವೂ ನೋಡಬೇಕಿತ್ತು. ಲಿಫ್ಟ್ ಉದ್ಯಮಿಯ ಮಗ ಜಾರ್ಜ್ ಎಲರಿ ಹೇಲ್ ಶಿಕಾಗೊದ ಮನೆಯಂಗಳದಲ್ಲೇ ಕಟ್ಟಿಸಿದ ಕೆನ್‌ವುಡ್ ವೀಕ್ಷಣಾಲಯದಲ್ಲಿ 1891–92ರ ಹೊತ್ತಿಗೆ ಸ್ಪೆಕ್ಟ್ರೋಹೀಲಿಯೋಗ್ರಾಫ್ ಕೆಲಸಕ್ಕಿಳಿಯಿತು. ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಕ್ಯಾಲ್ಸಿಯಂನ ಒಂದೇ ಗೆರೆಯ ಬೆಳಕನ್ನು ಮಾತ್ರ ಸೀಳುಗಂಡಿಯಲ್ಲಿ ಬಿಟ್ಟು, ಸೂರ್ಯಬಿಂಬದುದ್ದಕ್ಕೂ ಆ ಗಂಡಿ ಸರಿಯುವಂತೆ ಮಾಡುವುದು ಅದರ ತಂತ್ರ. ಗ್ರಹಣಕ್ಕೆ ಕಾಯದೆ ಸೂರ್ಯನ ಅಂಚಿನ ಅನಿಲ ಕಮಾನುಗಳ ಚಿತ್ರ ಸಿಗತೊಡಗಿತು. 20ನೆಯ ಶತಮಾನದ ಮೊದಲ ದಶಕದಲ್ಲೇ ಕೊಡೈಕೆನಾಲ್ ವೀಕ್ಷಣಾಲಯಕ್ಕೂ ಇದೇ ಬಗೆಯ ಉಪಕರಣ ಬಂತು. ಆ ದೀರ್ಘ ಚಿತ್ರಸಂಗ್ರಹ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಶದಲ್ಲಿದೆ.

ಹೇಲ್ ಅವರದು ಬಿಡಿಬಿಡಿ ಚಿತ್ರ. ಅದಕ್ಕೆ ಚಲನೆ ತಂದದ್ದು ಡೆಟ್ರಾಯಿಟ್. ಇಂಜಿನಿಯರ್ ಹಾಗೂ ಉದ್ಯಮಿ ರಾಬರ್ಟ್ ಮೆಕ್‌ಮ್ಯಾತ್, ಅವರ ತಂದೆ ಫ್ರಾನ್ಸಿಸ್, ನ್ಯಾಯಾಧೀಶ ಹೆನ್ರಿ ಹಲ್ಬರ್ಟ್ ಮೂವರೂ ವೃತ್ತಿಯಿಂದ ಖಗೋಳಜ್ಞರಲ್ಲ. ಪಾಂಟಿಯಾಕ್ ಬಳಿಯ ಲೇಕ್ ಏಂಜೆಲಸ್‌ನಲ್ಲಿ ಅವರು ಕಟ್ಟಿದ ವೀಕ್ಷಣಾಲಯ 1930ರ ದಶಕದಲ್ಲಿ ಸೂರ್ಯನ ಸಿನಿಮಾ ತೆಗೆಯಿತು. ಗಂಟೆಗಳ ಆಗುಹೋಗು ನಿಮಿಷಗಳಲ್ಲಿ ಓಡಿದಾಗ, ನಿಶ್ಚಲವೆಂದುಕೊಂಡಿದ್ದ ಕಮಾನುಗಳಲ್ಲಿ ಅನಿಲ ಚಿಮ್ಮುವುದೂ ಕೆಳಗೆ ಸುರಿಯುವುದೂ ಕಣ್ಣಿಗೆ ಬಿತ್ತು. ಮುಂದೆ ಅಲ್ಲೇ ಹೆಲೆನ್ ಡಾಡ್ಸನ್ ಪ್ರಿನ್ಸ್ ಸೌರಜ್ವಾಲೆಗಳನ್ನು ದಶಕಗಳ ಕಾಲ ತಾಳ್ಮೆಯಿಂದ ದಾಖಲಿಸಿದರು. ಈ ಇತಿಹಾಸದಲ್ಲಿ ಅವರ ಹೆಸರಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ಮೋಡ ಕವಿದ ಈ ಸೀಮೆಗೆ ಇಷ್ಟು ಮಹತ್ವ ಕೊಡುವುದು ಸರಿಯೇ ಎಂದು ಕೇಳಬಹುದು. ಸೂರ್ಯಕಲೆಗಳಲ್ಲಿ ಕಾಂತಕ್ಷೇತ್ರವಿದೆಯೆಂದು ಹೇಲ್ ತೋರಿಸಿದ್ದು 1908ರಲ್ಲಿ, ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ನಿನ ತಿಳಿಯಾಕಾಶದಡಿ. ನಿಜ. ಆದರೆ ಶುಭ್ರ ಆಕಾಶದಿಂದ ಚಿತ್ರ ಚೆನ್ನಾಗಿ ಬರುತ್ತದೆ, ಯಾವ ಚಿತ್ರ ಬೇಕೆಂಬ ಪ್ರಶ್ನೆ ಬರುವುದಿಲ್ಲ. ಅತಿ ದೊಡ್ಡ ಹೆಜ್ಜೆಗಂತೂ ದೂರದರ್ಶಕವೇ ಬೇಕಾಗಲಿಲ್ಲ. ಧೂಮಕೇತುಗಳ ಬಾಲ ಸದಾ ಸೂರ್ಯನಿಗೆ ವಿಮುಖವಾಗಿರುವುದಕ್ಕೆ ಕಣಗಳ ಹರಿವು ಕಾರಣವೆಂದು ಜರ್ಮನಿಯ ಲುಡ್ವಿಗ್ ಬಿಯರ್ಮನ್ 1951ರಲ್ಲಿ ವಾದಿಸಿದ್ದರು. ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಪಾರ್ಕರ್ ಆ ಹರಿವಿಗೆ ಗಣಿತ ಕೊಟ್ಟರು. ಹತ್ತು ಲಕ್ಷ ಡಿಗ್ರಿಗೂ ಮೀರಿದ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ, ನಿಶ್ಚಲವಾಗಿರಬೇಕಾದರೆ ಅತಿ ದೂರದಲ್ಲೂ ಅದರ ಒತ್ತಡ ಹೆಚ್ಚಾಗಿಯೇ ಉಳಿಯಬೇಕು; ಅದನ್ನು ತಡೆಹಿಡಿಯಲು ನಕ್ಷತ್ರಗಳ ನಡುವಿನ ವಿರಳ ಅನಿಲಕ್ಕೆ ಬಲವಿಲ್ಲ. ಹಾಗಾಗಿ ಅದು ಹೊರಗೆ ಹರಿಯಲೇಬೇಕು, ಶಬ್ದವೇಗವನ್ನೂ ದಾಟಬೇಕು. ಇಬ್ಬರು ಪರಿಶೀಲಕರು ಈ ಪ್ರಬಂಧವನ್ನು ತಿರಸ್ಕರಿಸಿದರು. ಪತ್ರಿಕೆಯ ಸಂಪಾದಕ ಎಸ್. ಚಂದ್ರಶೇಖರ್ ಅವರಿಗೂ ವಿಚಾರ ಒಪ್ಪಿಗೆಯಾಗಲಿಲ್ಲ. ಗಣಿತದಲ್ಲಿ ತಪ್ಪು ಕಾಣದ ಕಾರಣ 1958ರಲ್ಲಿ ಪ್ರಕಟಿಸಿದರು. ಸಂಪಾದಕನ ಪ್ರಾಮಾಣಿಕತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಅದೇ ವಿಶ್ವವಿದ್ಯಾಲಯದ ಯರ್ಕ್ಸ್ ವೀಕ್ಷಣಾಲಯದಲ್ಲಿದ್ದ ಜೋಸೆಫ್ ಚೇಂಬರ್ಲೇನ್, ಕಣಗಳು ಆವಿಯಂತೆ ನಿಧಾನವಾಗಿ ಸೋರುತ್ತವೆ, ಇದು ಗಾಳಿಯಲ್ಲ, ತಂಗಾಳಿ ಎಂದು ಎದುರು ವಾದ ಹೂಡಿದರು. ಅದೂ ಬಿಗಿಯಾದ ಗಣಿತವೇ. 1962ರಲ್ಲಿ ಶುಕ್ರದ ಕಡೆಗೆ ಹೊರಟ ಮ್ಯಾರಿನರ್ 2 ನೌಕೆ ತಿಂಗಳುಗಟ್ಟಲೆ ನಿಲ್ಲದ ಹರಿವನ್ನು ಅಳೆಯಿತು. ವೇಗ ಸೆಕೆಂಡಿಗೆ ನೂರಾರು ಕಿ.ಮೀ. ಪಾರ್ಕರ್ ಅವರ ಮಾತು ನಿಂತಿತು.

2018ರಲ್ಲಿ ಪಾರ್ಕರ್ ಹೆಸರಿನ ನೌಕೆ ಅವರ ಕಣ್ಣೆದುರೇ ಹಾರಿತು. 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಆದಿತ್ಯ-ಎಲ್1 ನೌಕೆಯಲ್ಲಿರುವ, ಬೆಂಗಳೂರಿನ ಖಭೌತ ಸಂಸ್ಥೆ ರೂಪಿಸಿದ ಉಪಕರಣ ಕರೋನಾವನ್ನು ನೋಡುತ್ತಿದೆ. ಮೇಲ್ಮೈ 5,500 ಡಿಗ್ರಿಯಷ್ಟೇ ಇರುವಾಗ ಅದರ ಮೇಲಿನ ಕರೋನಾ ಲಕ್ಷಗಟ್ಟಲೆ ಡಿಗ್ರಿಗೆ ಕಾಯುವುದು ಹೇಗೆಂಬುದು ಇತ್ಯರ್ಥವಾಗಿಲ್ಲ. ಅಸಂಖ್ಯ ಕಿರುಜ್ವಾಲೆಗಳು ಕಾರಣವಿರಬಹುದೆಂದು 1988ರಲ್ಲಿ ಪಾರ್ಕರ್ ಅವರೇ ಮುಂದಿಟ್ಟ ಉತ್ತರವನ್ನು, ಕಾಂತ ಅಲೆಗಳೇ ಶಾಖ ಒಯ್ಯುತ್ತವೆಂಬ ಇನ್ನೊಂದು ಉತ್ತರದ ಎದುರು ಇಟ್ಟು ಈ ನೌಕೆಗಳ ಅಳತೆಗಳಿಂದ ತೂಗುವ ಕೆಲಸ ನಡೆದಿದೆ.