ಬಣ್ಣ ಹಾಕಿದ ಕೂದಲು ಮತ್ತು ತಲೆಸ್ನಾನ

ಡೈ, ಮದರಂಗಿ ಅಥವಾ ನೀಲಿಸೊಪ್ಪಿನಿಂದ ಬಣ್ಣ ಬದಲಾದ ಕೂದಲು ತೊಳೆದಾಗಲೆಲ್ಲ ಒಂದಿಷ್ಟು ಬಣ್ಣ ಬಿಡುತ್ತದೆ. ಎಷ್ಟು ಬಿಡುತ್ತದೆಂಬುದನ್ನು ನಿರ್ಧರಿಸುವುದು ಬಣ್ಣ ಕೂದಲಿನ ಯಾವ ಪದರದಲ್ಲಿ ಕೂತಿದೆ, ತೊಳೆಯುವ ನೀರು ಎಂಥದು, ಎಷ್ಟು ಬಿಸಿ, ಎಷ್ಟು ದಿನಕ್ಕೊಮ್ಮೆ ತಲೆಗೆ ಬೀಳುತ್ತದೆ ಎಂಬ ಸಂಗತಿಗಳು. ಶಾಂಪೂ ಒಳ್ಳೆಯದೋ ಸೀಗೆ ಒಳ್ಳೆಯದೋ ಎಂಬ ಚರ್ಚೆ ಇವುಗಳ ನಂತರದ್ದು. ಅಂಗಡಿಯ ಜಾಹೀರಾತು ಮಾತ್ರ ಅದನ್ನೇ ಮೊದಲಿಗೆ ತಂದು ನಿಲ್ಲಿಸುತ್ತದೆ.

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ರಾಯಕೋಟೆ, ಕೆಲಮಂಗಲ, ದೇಂಕಣಿಕೋಟೆ, ತಳಿ, ಹೊಸೂರು ಸೀಮೆಯಲ್ಲಿ ಈ ವಿಷಯದ ಎಲ್ಲ ಮುಖಗಳೂ ಒಟ್ಟಿಗೆ ಸಿಗುತ್ತವೆ. ಕನ್ನಡ, ತಮಿಳು, ತೆಲುಗು ಮೂರೂ ನಡೆಯುವ ಈ ಗಡಿನಾಡಿನಲ್ಲಿ ಸೀಗೆಪುಡಿಯೂ ಅರಪ್ಪು ಪುಡಿಯೂ ಶಾಂಪೂ ಸ್ಯಾಷೆಯೂ ಒಂದೇ ಅಂಗಡಿಯ ಒಂದೇ ಕಟ್ಟೆಯ ಮೇಲಿರುತ್ತವೆ. ಪಕ್ಕದಲ್ಲೇ ಪುಡಿ ಡೈ ಪೊಟ್ಟಣಗಳ ಸರ ತೂಗುತ್ತಿರುತ್ತದೆ. ಇವೆಲ್ಲಕ್ಕೂ ಬೇಕಾದ ನೀರು ಬರುವುದು ಹೆಚ್ಚಾಗಿ ಬೋರ್‌ವೆಲ್‌ನಿಂದ.

ಬಣ್ಣ ಎಲ್ಲಿ ಕೂರುತ್ತದೆ

ಕೂದಲ ಎಳೆಯ ಹೊರಗೆ ಕ್ಯುಟಿಕಲ್ ಎಂಬ ಪದರವಿದೆ. ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಸರಿದು ಕೂತ ತೆಳು ಚಕ್ಕೆಗಳು ಇವು. ಒಳಗಿನ ತಿರುಳು ಕಾರ್ಟೆಕ್ಸ್. ಕೂದಲಿನ ಹುಟ್ಟುಬಣ್ಣವಾದ ಮೆಲನಿನ್ ಇರುವುದು ಅಲ್ಲಿ. ಚಕ್ಕೆಗಳ ಮೇಲೆ ನೀರನ್ನು ಅಂಟಗೊಡದ ಜಿಡ್ಡಿನ ಒಂದು ತೆಳುಪೊರೆ ಹುಟ್ಟಿನಿಂದಲೇ ಇರುತ್ತದೆ. ಬ್ಲೀಚ್ ಮತ್ತು ಕ್ಷಾರವುಳ್ಳ ಡೈಗಳು ಮೊದಲು ತೆಗೆಯುವುದು ಅದನ್ನೇ. ಆದ್ದರಿಂದ ಬಣ್ಣ ಹಾಕಿದ ಕೂದಲು ಬೇಗ ನೆನೆಯುತ್ತದೆ, ಹೆಚ್ಚು ಉಬ್ಬುತ್ತದೆ, ತಡವಾಗಿ ಒಣಗುತ್ತದೆ.

ಶಾಶ್ವತ ಎನಿಸಿಕೊಂಡ ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ, ಅಂದರೆ ಪ್ಯಾರಾಫಿನಿಲೀನ್ ಡೈಅಮೀನ್, ಅಥವಾ ಅದರ ಹತ್ತಿರದ ಸಂಯುಕ್ತ ಇರುತ್ತದೆ. ಇದು ಆಕ್ಸಿಜನ್ ಕೂಡಿ ಬಣ್ಣ ತಾಳುವುದನ್ನು ಜರ್ಮನ್ ರಸಾಯನಶಾಸ್ತ್ರಜ್ಞ ಆಗಸ್ಟ್ ಹಾಫ್‌ಮನ್ 1863ರಲ್ಲೇ ಗುರುತಿಸಿದ್ದ. ಪ್ಯಾರಿಸ್‌ನ ಯುಜೀನ್ ಶ್ಯೂಲೆರ್ 1907ರಲ್ಲಿ ಕೂದಲಿನ ಡೈ ತಯಾರಿಸಿ ಮಾರಲು ಹೊರಟ. ಅದೇ ಮುಂದೆ ಲೋರಿಯಲ್ ಕಂಪನಿಯಾಯಿತು. ಇಂಥ ಕ್ರೀಮ್ ಡೈಯಲ್ಲಿ ಅಮೋನಿಯಾದಂಥ ಕ್ಷಾರ ಕೂದಲನ್ನು ಉಬ್ಬಿಸುತ್ತದೆ. ಚಿಕ್ಕ ಅಣುಗಳು ಒಳಹೊಕ್ಕು ಹೈಡ್ರೋಜನ್ ಪೆರಾಕ್ಸೈಡ್ ನೆರವಿನಿಂದ ಒಂದಕ್ಕೊಂದು ಬೆಸೆದು ದೊಡ್ಡವಾಗುತ್ತವೆ, ಹೊಕ್ಕ ದಾರಿಯಲ್ಲಿ ಹೊರಬರಲಾರದೆ ಅಲ್ಲೇ ಉಳಿಯುತ್ತವೆ. ಎಲ್ಲ ಅಣುಗಳೂ ಹೀಗೆ ಬೆಸೆಯುವುದಿಲ್ಲ. ಅರೆಬರೆ ಬೆಳೆದವು, ಹೊರಗೇ ಉಳಿದವು ಮೊದಲ ಕೆಲವು ಸ್ನಾನಗಳಲ್ಲಿ ಕೊಚ್ಚಿಹೋಗುತ್ತವೆ. ಬಚ್ಚಲಲ್ಲಿ ಕಪ್ಪುನೀರು ಹರಿಯುವುದನ್ನು ಕಂಡು ಡೈ ಕಲಬೆರಕೆ ಎಂದು ಅಂಗಡಿಯವನ ಮೇಲೆ ಹರಿಹಾಯುವವರಿದ್ದಾರೆ. ಒಳಗೆ ಉಳಿದದ್ದು ಎಷ್ಟೆಂಬುದು ಗೊತ್ತಾಗುವುದು ಮೂರು ನಾಲ್ಕು ಸ್ನಾನ ಕಳೆದ ಮೇಲೆ.

ನೀಲಿ, ಗುಲಾಬಿ, ನೇರಳೆಯಂಥ ಫ್ಯಾಷನ್ ಬಣ್ಣಗಳ ಕತೆ ಬೇರೆ. ಅವು ಸಿದ್ಧ ಅಣುಗಳು, ಒಳಗೆ ಬೆಸೆಯುವುದಿಲ್ಲ. ಬ್ಲೀಚ್ ಮಾಡಿ ತೂತುಬಿದ್ದ ಕೂದಲಲ್ಲಿ ಸುಮ್ಮನೆ ತಂಗಿರುತ್ತವೆ, ಹಲವು ಬಾರಿ ಹತ್ತು ಹನ್ನೆರಡು ಸ್ನಾನದೊಳಗೆ ತಮ್ಮ ದಾರಿ ಹಿಡಿಯುತ್ತವೆ.

ಡೈ ಮಾಸಿದಾಗ ಕಪ್ಪು ಕೂದಲು ಬೂದಿಯಾಗದೆ ಕೆಂಚಾಗುವುದಕ್ಕೂ ಕಾರಣವಿದೆ. ಪೆರಾಕ್ಸೈಡ್ ಒಳಗಿನ ಮೆಲನಿನ್ನನ್ನೂ ಒಂದಿಷ್ಟು ತಿಳಿಗೊಳಿಸಿರುತ್ತದೆ. ಮೇಲಿನ ಕಪ್ಪು ಇಳಿದಂತೆ ಕೆಳಗಿನ ಕೆಂಪು ಹೊರಬೀಳುತ್ತದೆ.

ನೀರು

ಬಣ್ಣ ತೆಗೆಯಲು ಶಾಂಪೂವೇ ಬೇಕೆಂದಿಲ್ಲ, ಬರೀ ನೀರೂ ತೆಗೆಯುತ್ತದೆ. ನೆನೆದ ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರು ಹೀರುತ್ತದೆ. ಎಳೆಯ ದಪ್ಪ ಶೇ. 15ರ ಆಸುಪಾಸು ಹಿಗ್ಗುತ್ತದೆ, ಉದ್ದ ಶೇ. 1–2 ಮಾತ್ರ. ಹಿಗ್ಗಿದಾಗ ಚಕ್ಕೆಗಳ ಸಂದು ಸಡಿಲವಾಗಿ ಬಣ್ಣದ ಅಣುಗಳಿಗೆ ಹೊರದಾರಿ ಸಿಗುತ್ತದೆ. ನೀರು ಬಿಸಿಯಾದಷ್ಟೂ ಈ ಹರಿವು ಚುರುಕು. ಕೊನೆಯಲ್ಲಿ ತಣ್ಣೀರು ಸುರಿದರೆ ಚಕ್ಕೆಗಳು ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ ಎಂಬ ಪಾರ್ಲರ್ ಮಾತಿಗೆ ಮಾತ್ರ ಗಟ್ಟಿ ಆಧಾರವಿಲ್ಲ. ಮೊದಲಿನಿಂದಲೂ ಉಗುರುಬೆಚ್ಚಗಿನ ನೀರು ಬಳಸಿದರೆ ಲಾಭ. ಹಬೆಯಾಡುವ ನೀರಲ್ಲಿ ಮಿಂದು ಕೊನೆಗೊಂದು ಚೊಂಬು ತಣ್ಣೀರು ಹೊಯ್ದುಕೊಂಡರೆ ಹೋದ ಬಣ್ಣ ಮರಳದು.

ಎಷ್ಟು ಸಲ ಎಂಬುದೂ ಇಲ್ಲೇ ಬರುವ ಲೆಕ್ಕ. ತಮಿಳುನಾಡಿನ ಹಳೆಯ ರೂಢಿಯಲ್ಲಿ ಹೆಂಗಸರಿಗೆ ಮಂಗಳವಾರ–ಶುಕ್ರವಾರ, ಗಂಡಸರಿಗೆ ಬುಧವಾರ–ಶನಿವಾರ ಎಣ್ಣೆನೀರು. ತಿಂಗಳಿಗೆ ಎಂಟೊಂಬತ್ತು ಸಲ. ಹೊಸೂರಿನ ಕಾರ್ಖಾನೆಗೆ ಹೆಲ್ಮೆಟ್ ತೊಟ್ಟು ಬೈಕಿನಲ್ಲಿ ಹೋಗಿಬರುವವರು ಬೆವರು, ದೂಳಿನ ಕಾರಣಕ್ಕೆ ದಿನವೂ ತಲೆ ತೊಳೆದರೆ ತಿಂಗಳಿಗೆ ಮೂವತ್ತು. ಎರಡನೆಯವರ ಡೈ ಬೇಗ ಮಾಸಿದರೆ ಅದು ಡೈಯ ತಪ್ಪಲ್ಲ.

ರಾಯಕೋಟೆಯಲ್ಲಿ ಇದಕ್ಕೆ ನೀರಿನ ಗಡಸುತನವೂ ಸೇರಿಕೊಳ್ಳುತ್ತದೆ. 1791ರಲ್ಲಿ, ಮೂರನೆಯ ಮೈಸೂರು ಯುದ್ಧದಲ್ಲಿ, ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ವಶವಾದ ದುರ್ಗ ನಿಂತಿರುವುದು ಬಂಡೆಯ ಮೇಲೆ. ಊರ ನೆಲದಡಿಯಲ್ಲೂ ಇರುವುದು ಗಟ್ಟಿಶಿಲೆಯೇ. ಅದರ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬೋರ್‌ವೆಲ್‌ನಿಂದ ಮೇಲೆ ಬರುತ್ತದೆ. ಬೇಳೆ ಬೇಯದ ನೀರು, ಸೋಪು ನೊರೆಗಟ್ಟದ ನೀರು, ಹೀಟರ್ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆ ಬಿಡುವ ನೀರು ಎಂದರೆ ಇದೇ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದಲ್ಲಿ ಗಡಸುತನದ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿಲ್ಲದ ಕಡೆ 600ರವರೆಗೆ ಸಹನೀಯ. ಕುಡಿಯಲು ನಡೆಯುವ ನೀರು ಕೂದಲಿಗೂ ಹಿತವಾಗಿರಬೇಕೆಂದೇನಿಲ್ಲ.

ಡೈ ಮತ್ತು ಬ್ಲೀಚ್‌ನ ಪೆರಾಕ್ಸೈಡ್ ಕೂದಲಿನ ಗಂಧಕದ ಬಂಧಗಳನ್ನು ಒಡೆದು ಋಣ ವಿದ್ಯುದಂಶದ ತಾಣಗಳನ್ನು ಉಳಿಸಿರುತ್ತದೆ. ಧನ ವಿದ್ಯುದಂಶದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲಿ ಹೋಗಿ ಹಿಡಿದುಕೊಳ್ಳುತ್ತವೆ. ಬಣ್ಣ ಹಾಕದ ಕೂದಲಿಗಿಂತ ಹಾಕಿದ ಕೂದಲಲ್ಲಿ ಈ ಲವಣ ಹೆಚ್ಚು ಸೇರುವುದು ಇದರಿಂದ. ಎಳೆ ಒರಟಾಗುತ್ತದೆ, ಬಾಚಣಿಗೆ ಸಿಕ್ಕಿಕೊಳ್ಳುತ್ತದೆ, ಬೆಳಕು ಚದುರಿ ಬಣ್ಣ ಮಂಕಾಗಿ ಕಾಣುತ್ತದೆ. ಆಗ ಜನ ಬಣ್ಣವೇ ಹೋಯಿತೆಂದು ಮತ್ತೆ ಡೈ ಹಾಕುತ್ತಾರೆ. ನಿಜವಾಗಿ ಹೋಗಿರುವುದು ಹೊಳಪು. ಮತ್ತೆ ಹಾಕಿದ ಡೈ ಕೂದಲನ್ನು ಇನ್ನಷ್ಟು ಸವೆಸುತ್ತದೆ, ಸವೆದದ್ದು ಇನ್ನಷ್ಟು ಲವಣ ಹಿಡಿಯುತ್ತದೆ. ಗಡಸುನೀರಿನ ಊರುಗಳಲ್ಲಿ ಡೈ ಪೊಟ್ಟಣ ಬೇಗ ಖರ್ಚಾಗುವ ಹಿಂದೆ ಈ ಸುತ್ತು ಇದೆ. ನೀರಿನಲ್ಲಿ ತಾಮ್ರದ ಅಂಶವಿದ್ದು ಅದೂ ಕೂದಲಿಗೆ ಸೇರಿದ್ದರೆ ಹಾನಿ ಇನ್ನೂ ಹೆಚ್ಚು. ಮುಂದಿನ ಸಲ ಡೈ ಹಾಕಿದಾಗ ತಾಮ್ರ ಪೆರಾಕ್ಸೈಡನ್ನು ಕೆರಳಿಸಿ ಕೆರಾಟಿನ್ನನ್ನೇ ಮುರಿಯುತ್ತದೆ.

ಪರಿಹಾರ ಕಷ್ಟದ್ದಲ್ಲ. ಚೆನ್ನಾಗಿ ಕುದಿಸಿ ಆರಿಸಿ ತಿಳಿ ಬಸಿದುಕೊಂಡರೆ ಬೈಕಾರ್ಬನೇಟ್‌ನಿಂದಾದ ಗಡಸುತನ ತಳದಲ್ಲಿ ಉಳಿಯುತ್ತದೆ, ಸಲ್ಫೇಟ್‌ನಿಂದಾದದ್ದು ಹೋಗುವುದಿಲ್ಲ. ತಮಿಳುನಾಡು ಸರಕಾರ 2003ರಲ್ಲಿ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ತಾರಸಿಯ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟವರಿಗೆ ಕೊನೆಯ ಎರಡು ಚೊಂಬಿಗೆ ಅದಕ್ಕಿಂತ ಮೆದು ನೀರು ಬೇರೆ ಇಲ್ಲ. ಎರಡು ವಾರಕ್ಕೊಮ್ಮೆ ಒಂದು ಚೊಂಬು ನೀರಿಗೆ ಸ್ವಲ್ಪ ನಿಂಬೆರಸ ಬೆರೆಸಿ ತಲೆಗೆ ಹೊಯ್ದು, ಎರಡು ನಿಮಿಷದ ನಂತರ ತೊಳೆದರೆ ಅಂಟಿದ ಲವಣದಲ್ಲಿ ಒಂದಿಷ್ಟು ಬಿಡುತ್ತದೆ. ಇಡಿಟಿಎ ಇರುವ ಶಾಂಪೂ ಮಾಡುವುದೂ ಇದೇ ಕೆಲಸವನ್ನು.

ಈ ಸೀಮೆಯ ನೀರೆಂದರೆ ಫ್ಲೋರೈಡ್ ಮಾತು ಬಂದೇ ಬರುತ್ತದೆ. ಹಲ್ಲು, ಮೂಳೆಗಳಿಗೆ ಕುತ್ತಾದ ಅದಕ್ಕಾಗಿಯೇ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆ ಬಂದದ್ದು. ಕೂದಲ ಬಣ್ಣ ಮಾಸುವುದಕ್ಕೆ ಫ್ಲೋರೈಡನ್ನು ದೂರುವುದು ಸರಿಯಲ್ಲ. ಅಲ್ಲಿ ಕೆಲಸ ಮಾಡುವುದು ಗಡಸುತನ.

ಸೀಗೆ, ಅಂಟುವಾಳ, ಚುಜ್ಜಲು

ಈ ಮೂರರಲ್ಲೂ ನೊರೆ ಬರಿಸುವುದು ಸಪೋನಿನ್. ಸೀಗೆ ಕಾಡಿನ ಮುಳ್ಳುಬಳ್ಳಿಯ ಕಾಯಿ, ಅಂಟುವಾಳ ಮರದ ಕಾಯಿ. ಚುಜ್ಜಲು ಅಥವಾ ತುಗ್ಗಲಿ ಎಂಬ ಮರದ ಒಣಎಲೆಯ ಹಸಿರುಪುಡಿಯನ್ನು ತಮಿಳರು ಅರಪ್ಪು ಎನ್ನುತ್ತಾರೆ. ಕುರುಚಲು ಕಾಡಿನ ಮರವಾದ್ದರಿಂದ ಈ ಭಾಗದಲ್ಲಿ ಸಾಮಾನ್ಯ. ಸಪೋನಿನ್‌ಗೆ ಗಡಸುನೀರಿನಲ್ಲಿ ಸೋಪಿನಂತೆ ಗಸಿಗಟ್ಟುವ ದೋಷವಿಲ್ಲ. ಸೀಗೆಯ ಕಷಾಯ ತುಸು ಹುಳಿ ಗುಣದ್ದು, ಕೂದಲನ್ನು ಕ್ಷಾರದಂತೆ ಉಬ್ಬಿಸುವುದಿಲ್ಲ. ಇಷ್ಟರಮಟ್ಟಿಗೆ ಅಜ್ಜಿಯರ ಪಕ್ಷ ಬಲವಾದದ್ದೇ.

ಆದರೆ ಪುಡಿಯನ್ನು ಕೂದಲ ಮೇಲಿಟ್ಟು ತಿಕ್ಕುವ ರೀತಿ ಡೈ ಹಾಕಿದ ಕೂದಲಿಗೆ ಹೊಂದದು. ನುಣ್ಣಗಾಗದ ತರಿ, ಉಬ್ಬಿ ಸಡಿಲವಾದ ಚಕ್ಕೆಗಳನ್ನು ಕೆರೆಯುತ್ತದೆ. ಕಾಯಿಗಳನ್ನು ರಾತ್ರಿ ನೆನೆಹಾಕಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ರಸ ಬಳಸಿದರೆ ಈ ತೊಂದರೆ ಇಲ್ಲ. ಇನ್ನೊಂದು ಮಿತಿಯೂ ಇದೆ. ಬ್ಲೀಚ್ ಮಾಡಿ ಹಾಕಿಸಿದ ತಿಳಿಬಣ್ಣದ ಮೇಲೆ ಸೀಗೆಯ ಕಂದು ಚೊಗರು ಕೂತು ಹೊಂಬಣ್ಣ ಮಣ್ಣುಬಣ್ಣವಾಗಬಹುದು. ಕಪ್ಪು, ಕಡುಕಂದು, ಮದರಂಗಿ ಕೆಂಪಿಗೆ ಈ ಭಯವಿಲ್ಲ. ಹೆಸರುಹಿಟ್ಟು, ಕಡಲೆಹಿಟ್ಟು ಎಣ್ಣೆ ಹೀರುತ್ತವೆ, ಬಣ್ಣಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಉದ್ದ ಕೂದಲಿನಿಂದ ಅವನ್ನು ಬಿಡಿಸಲು ಸುರಿಯುವ ನೀರೇ ಬಣ್ಣಕ್ಕೆ ಖರ್ಚು.

ಸೋಪು ಮತ್ತು ಶಾಂಪೂ

ಬಣ್ಣ ಹಾಕಿದ ಕೂದಲಿಗೆ ಎಲ್ಲಕ್ಕಿಂತ ಕೆಟ್ಟದ್ದು ಸೋಪು, ಅದರಲ್ಲೂ ಬೋರ್ ನೀರಿನ ಜತೆ. ಮೈಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಕೂದಲಿನ ಸಹಜ ನೆಲೆ 4ರ ಸಮೀಪದ ಹುಳಿ. ಸೋಪಿನ ಕ್ಷಾರ ಚಕ್ಕೆಗಳನ್ನು ಎಬ್ಬಿಸುತ್ತದೆ, ಗಡಸುನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಕೂಡಿ ಕರಗದ ಬಿಳಿಗಸಿಯಾಗಿ ಎಳೆಗೆ ಮೆತ್ತಿಕೊಳ್ಳುತ್ತದೆ. ಬಟ್ಟೆಸೋಪನ್ನೇ ತಲೆಗೂ ತಿಕ್ಕುವವರಿದ್ದಾರೆ. ಅವರ ಡೈ ಎಷ್ಟು ದಿನ ನಿಂತೀತೆಂದು ಹೇಳಬೇಕಾಗಿಲ್ಲ.

ಶಾಂಪೂ ಈ ಗಸಿಯ ಸಮಸ್ಯೆಯನ್ನು ನೀಗಿತು. ಇಲ್ಲಿನ ಹಳ್ಳಿಗಳಿಗೆ ಅದನ್ನು ತಲುಪಿಸಿದ್ದು ಸ್ಯಾಷೆ. ಕಡಲೂರಿನ ಚಿನ್ನಿಕೃಷ್ಣನ್ ಈ ಯೋಚನೆಯ ಪ್ರವರ್ತಕರಲ್ಲೊಬ್ಬರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಆರಂಭಿಸಿದರು, ಅವರ ಸಂಸ್ಥೆ ಮುಂದೆ ಕೆವಿನ್‌ಕೇರ್ ಆಯಿತು. ಒಡೆದ ಸ್ಯಾಷೆಯನ್ನು ಎತ್ತಿಡಲಾಗದೆ ಗಿಡ್ಡ ಕೂದಲಿನವರೂ ಪೂರ್ತಿ ಸುರಿದುಕೊಳ್ಳುತ್ತಾರೆ. ಅರ್ಧ ಸಾಕು, ಅದನ್ನೂ ಚೊಂಬಿನಲ್ಲಿ ನೀರಿಗೆ ಕದಡಿ ಬುಡಕ್ಕೆ ಮಾತ್ರ ಹಾಕಿದರೆ ತುದಿಯ ಬಣ್ಣ ಉಳಿಯುತ್ತದೆ.

ಎಲ್ಲ ಶಾಂಪೂ ಒಂದೇ ಅಲ್ಲ. ತಲೆಗೂದಲ ವೈದ್ಯಕೀಯದ ಪತ್ರಿಕೆಯೊಂದರಲ್ಲಿ 2014ರಲ್ಲಿ ಪ್ರಕಟವಾದ ಬ್ರೆಜಿಲ್ ತಜ್ಞರ ಅಧ್ಯಯನ 123 ಶಾಂಪೂಗಳ ಪಿಎಚ್ ಅಳೆದು, 3.5ರಿಂದ 9ರವರೆಗೆ ಹರಡಿರುವುದನ್ನು ಕಂಡಿತು. ನೆತ್ತಿಯ ಚರ್ಮಕ್ಕೆ ಹೊಂದುವ 5.5 ಅಥವಾ ಅದಕ್ಕಿಂತ ಕಡಿಮೆ ಇದ್ದವು ಶೇ. 40ಕ್ಕೂ ಕಡಿಮೆ. ಸಲ್ಫೇಟ್ ಇಲ್ಲ ಎಂಬ ಚೀಟಿ ನೋಡಿ ಹೆಚ್ಚು ಹಣ ಕೊಡುವವರು ಪಿಎಚ್ ಎಷ್ಟೆಂದು ಕೇಳುವುದೇ ಇಲ್ಲ. ಸಲ್ಫೇಟ್ ಜಿಡ್ಡನ್ನು ಬಲವಾಗಿ ಎಳೆಯುತ್ತದೆ, ನಿಜ. ಆದರೆ ಬಣ್ಣ ಒಯ್ಯುವ ಹೆಚ್ಚಿನ ಕೆಲಸವನ್ನು ನೀರೇ ಮಾಡುವಾಗ ಸಲ್ಫೇಟ್ ಬಿಟ್ಟ ಮಾತ್ರಕ್ಕೆ ಡೈ ದುಪ್ಪಟ್ಟು ದಿನ ಬಾಳುವುದಿಲ್ಲ. ಹುಳಿ ಗುಣದ ಕಂಡೀಷನರ್ ಹೆಚ್ಚು ಉಪಕಾರಿ. ಅದರ ಧನ ವಿದ್ಯುದಂಶದ ಅಣುಗಳು ಸವೆದ ತಾಣಗಳ ಮೇಲೆ ಕೂತು ತಿಕ್ಕಾಟ ತಗ್ಗಿಸುತ್ತವೆ. ಸಿಲಿಕೋನ್ ಲೇಪ ಕೊಡುವುದು ತಾತ್ಕಾಲಿಕ ಹೊಳಪನ್ನು. ವಿಗ್ ಉದ್ಯಮದಲ್ಲಿ ಸವೆದ ಕೂದಲನ್ನು ಇದೇ ಲೇಪದಿಂದ ನುಣುಪಾಗಿ ಕಾಣಿಸುವುದುಂಟು. ಕೆಲವು ಸ್ನಾನವಾದ ಮೇಲೆ ಅಸಲು ರೂಪ ಹೊರಬರುತ್ತದೆ.

ಎಣ್ಣೆಸ್ನಾನ

ತೊಳೆಯುವ ಮುಂಚೆ ಹಚ್ಚಿದ ಕೊಬ್ಬರಿ ಎಣ್ಣೆ ಎಳೆಯ ಒಳಕ್ಕಿಳಿದು, ಅದು ನೀರು ಹೀರಿ ಉಬ್ಬುವುದನ್ನೂ ಪ್ರೋಟೀನ್ ಕಳೆದುಕೊಳ್ಳುವುದನ್ನೂ ತಗ್ಗಿಸುತ್ತದೆ. ಭಾರತದ ಸಂಶೋಧಕರಾದ ರೇಳೆ ಮತ್ತು ಮೋಹಿಲೆ 2003ರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದಾಗ ಪ್ರೋಟೀನ್ ನಷ್ಟ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಹರಳೆಣ್ಣೆ ಮಂದ. ಮೇಲೆಯೇ ನಿಲ್ಲುವ ಅದನ್ನು ಬಿಡಿಸಲು ಬಿಸಿನೀರು, ಎರಡು ಮೂರು ಸಲ ಸೀಗೆ, ತಿಕ್ಕಾಟ ಎಲ್ಲವೂ ಬೇಕು. ಬಣ್ಣದ ದೃಷ್ಟಿಯಿಂದ ಇದು ದುಬಾರಿ ಸ್ನಾನ.

ಹಬ್ಬದಲ್ಲಿ ಈ ಪೇಚು ಎದ್ದು ಕಾಣುತ್ತದೆ. ದೀಪಾವಳಿಗೆ ಚೆನ್ನಾಗಿ ಕಾಣಲೆಂದು ಹಿಂದಿನ ಸಂಜೆ ಡೈ ಹಾಕಿಕೊಂಡವರ ತಲೆಗೆ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಒತ್ತಿ, ಹಂಡೆಯ ಸುಡುನೀರು ಹೊಯ್ದು, ಸೀಗೆ ತಿಕ್ಕಿದರೆ ಸಡಿಲವಾಗಿದ್ದ ಬಣ್ಣವೆಲ್ಲ ಒಂದೇ ಸಲಕ್ಕೆ ಇಳಿಯುತ್ತದೆ. ಡೈಯನ್ನು ನಾಲ್ಕೈದು ದಿನ ಮೊದಲೇ ಮುಗಿಸಿಕೊಳ್ಳುವುದು ಅಥವಾ ಹಬ್ಬದ ಸ್ನಾನವಾಗಿ ಜಿಡ್ಡು ಹೋದ ಮೇಲೆ ಹಾಕಿಕೊಳ್ಳುವುದು ಜಾಣತನ.

ಮದರಂಗಿ ಮತ್ತು ನೀಲಿಸೊಪ್ಪು

ಮದರಂಗಿಗೆ ಗೋರಂಟಿ, ಮೆಹಂದಿ ಎಂಬ ಹೆಸರುಗಳೂ ಇವೆ, ತಮಿಳಿನ ಮರುದಾಣಿಯೂ ಇದೇ. ಇದರ ಲಾಸೋನ್ ಎಂಬ ಬಣ್ಣ ಕೆರಾಟಿನ್‌ಗೆ ನೇರವಾಗಿ ಬೆಸೆಯುತ್ತದೆ. ಆದ್ದರಿಂದ ತೊಳೆತಕ್ಕೆ ಚೆನ್ನಾಗಿ ತಡೆಯುತ್ತದೆ. ಹಚ್ಚಿದ ದಿನ ಬರೀ ನೀರಲ್ಲಿ ತೊಳೆದು, ಸೀಗೆಯನ್ನೋ ಶಾಂಪೂವನ್ನೋ ಒಂದೆರಡು ದಿನ ಮುಂದಕ್ಕೆ ಹಾಕುವ ಮನೆಪದ್ಧತಿಗೆ ಅರ್ಥವಿದೆ. ಲಾಸೋನ್ ಬಣ್ಣವೂ ಮದರಂಗಿಯ ಮೇಲೆ ಹಚ್ಚುವ ನೀಲಿಸೊಪ್ಪಿನ ಕಪ್ಪೂ ಗಾಳಿಯ ಆಕ್ಸಿಜನ್ ತಾಗಿ ಎರಡು ದಿನದವರೆಗೆ ಗಾಢವಾಗುತ್ತ ಹೋಗುತ್ತವೆ. ರಾಸಾಯನಿಕ ಡೈಯ ಬೆಸುಗೆ ಬಹುಮಟ್ಟಿಗೆ ಅರ್ಧ ಮುಕ್ಕಾಲು ಗಂಟೆಯಲ್ಲೇ ಮುಗಿದಿರುತ್ತದೆ. ಮೂರು ದಿನ ತಲೆ ತೊಳೆಯಬೇಡಿ ಎಂಬ ಸಲೂನಿನ ಸಲಹೆ ಅಲ್ಲಿ ಒಂದೆರಡು ಸ್ನಾನ ಉಳಿಸುವುದಕ್ಕಷ್ಟೇ.

ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿ ಬಹುಪಾಲು ಪಿಪಿಡಿ ಇರುವಂಥವು. ಅವನ್ನು ತೊಳೆಯುವ ನಿಯಮ ಮದರಂಗಿಯದಲ್ಲ, ಡೈಯದ್ದು. ನೆತ್ತಿ ತುರಿಸಿ ಕಣ್ಣರೆಪ್ಪೆ ಬಾತರೆ ಕೂಡಲೇ ಧಾರಾಳ ನೀರಲ್ಲಿ ತೊಳೆದು ವೈದ್ಯರನ್ನು ಕಾಣಬೇಕು, ಆ ಹೊತ್ತಿನಲ್ಲಿ ಬಣ್ಣದ ಯೋಚನೆ ಸಲ್ಲದು.

ಒಣಗಿಸುವಾಗ

ಒದ್ದೆ ಕೂದಲು ಅತ್ಯಂತ ದುರ್ಬಲ. ಟವೆಲ್ಲಿನಿಂದ ಬಡಿದು ಜಾಡಿಸುವ ಬದಲು ಹಳೆಯ ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆಯುವುದು ಲೇಸು. ತಾರಸಿಯ ಬಿಸಿಲಿನಲ್ಲಿ ಕೂದಲು ಹರಡಿ ಕೂರುವ ರೂಢಿ ಡೈಗೆ ಒಗ್ಗದು, ನೇರಳಾತೀತ ಕಿರಣ ಬಣ್ಣದ ಅಣುಗಳನ್ನೇ ಒಡೆಯುತ್ತದೆ. ನಿಂಬೆರಸ ತಲೆಯಲ್ಲಿ ಉಳಿದಿದ್ದರೆ ಬಣ್ಣ ಇನ್ನೂ ತಿಳಿಯಾಗುತ್ತದೆ. ಸಾಂಬ್ರಾಣಿ ಹೊಗೆಗೆ ಕೂದಲು ಒಡ್ಡುವವರು ಕೆಂಡದಿಂದ ಮೊಳ ದೂರ ಇರಬೇಕು. ಬುಡ ಬೆಳ್ಳಗಾಗುವುದನ್ನು ಮಾತ್ರ ಯಾವ ತೊಳೆತವೂ ತಡೆಯದು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹೊಸದಾಗಿ ಬಂದ ಎಳೆಗೆ ಡೈ ಸೋಕಿರುವುದೇ ಇಲ್ಲ. ಹಾಗಾಗಿ ಮರಳಿ ಹಾಕುವಾಗ ಮೊದಲು ಬುಡಕ್ಕೆ ಹಾಕಿ, ತುದಿಯನ್ನು ಕೊನೆಯ ಐದು ನಿಮಿಷಕ್ಕೆ ಬಿಡುವುದು ಸಲೂನುಗಳ ಕ್ರಮ. ಅರ್ಧ ಮೀಟರ್ ಉದ್ದದ ಜಡೆಯ ತುದಿಗೆ ನಾಲ್ಕು ವರ್ಷಕ್ಕೂ ಮೀರಿದ ವಯಸ್ಸಾಗಿರುತ್ತದೆ, ಅಷ್ಟೂ ಕಾಲದ ನೀರು ಅದರ ಮೇಲೆ ಹರಿದಿರುತ್ತದೆ.