ಮೆಣಸಿನ ಬಳ್ಳಿ, ಮೆಣಸಿನ ಗಿಡ

ಕನ್ನಡದಲ್ಲಿ ಮೆಣಸು ಎಂಬ ಮಾತು ಬಹಳ ಹಳೆಯದು. ಅದರ ಮುಂದೆ ಮೆಣಸಿನಕಾಯಿ ಎಂಬುದು ನಿನ್ನೆ ಮೊನ್ನೆಯ ಮಾತು. ನಮ್ಮ ಪೂರ್ವಿಕರು ತಲೆತಲಾಂತರದಿಂದ ಬಳಸಿದ ಖಾರ ಬಳ್ಳಿಯಲ್ಲಿ ಬಿಡುವ ಕಾಳಿನದು. ಕಡಲು ದಾಟಿ ಬಂದ ಹೊಸ ಗಿಡವೊಂದರ ಕಾಯನ್ನು ಬಾಯಿಗಿಟ್ಟು ನೋಡಿದವರಿಗೆ ಬೇರೆ ಹೆಸರು ಹೊಳೆಯಲಿಲ್ಲ. ಮೆಣಸಿನಂತೆ ಉರಿಯುವ ಕಾಯಿ, ಆದ್ದರಿಂದ ಮೆಣಸಿನಕಾಯಿ. ತಮಿಳರೂ ಮಿಳಗು ಎಂಬುದಕ್ಕೆ ಕಾಯಿಯನ್ನು ಸೇರಿಸಿ ಮಿಳಗಾಯ್ ಎಂದರು. ಬಳಿಕ ನಡೆದುದು ಸ್ವಾರಸ್ಯವಾಗಿದೆ. ದಕ್ಷಿಣ ಕನ್ನಡದ ಮನೆಗಳಲ್ಲಿ ಈಗ ಬರಿಯ ಮೆಣಸು ಎಂದರೆ ಕೆಂಪು ಮೆಣಸಿನಕಾಯಿಯೇ. ಕಾಳುಮೆಣಸು ಬೇಕಾದವರು ‘ಒಳ್ಳೆಮೆಣಸು’ ಎಂದು ಕೇಳಬೇಕು. ತುಳುವಿನಲ್ಲಿಯೂ ಅದು ‘ಎಡ್ಡೆ ಮುಂಚಿ’, ಎಂದರೆ ಒಳ್ಳೆಯ ಮೆಣಸು. ಹೊರಗಿನಿಂದ ಬಂದವನು ಮನೆತನದ ಹೆಸರನ್ನು ತನ್ನದಾಗಿಸಿಕೊಂಡ. ಮನೆಯ ಹಿರಿಯ ಮಗನು ಒಂದು ವಿಶೇಷಣವನ್ನು ಹಿಡಿದುಕೊಂಡು ಪಡಸಾಲೆಯಲ್ಲಿ ಕುಳಿತ.

ಇದು ಹೇಗಾಯಿತೆಂದು ಕೇಳಿದರೆ, ಪೋರ್ಚುಗೀಸರು ತಂದರು, ನಾವು ರುಚಿಗೆ ಮರುಳಾದೆವು ಎಂದು ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ರುಚಿಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಮೆಣಸಿನಕಾಯಿಯ ದಿಗ್ವಿಜಯದ ಗುಟ್ಟು ಅದರ ಖಾರಕ್ಕಿಂತ ಹೆಚ್ಚಾಗಿ ಅದರ ಗಿಡದ ಗಾತ್ರದಲ್ಲಿ ಮತ್ತು ಬೆಳವಣಿಗೆಯ ವೇಗದಲ್ಲಿ ಇದೆಯೆಂದು ನಾನು ತಿಳಿದಿದ್ದೇನೆ.

ಮೊದಲು ಬಳ್ಳಿಯನ್ನು ನೋಡೋಣ. ಕಾಳುಮೆಣಸಿಗೆ ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು. ನೆಟ್ಟ ಬಳ್ಳಿ ಮೂರನೆಯ ಅಥವಾ ನಾಲ್ಕನೆಯ ವರ್ಷ ಫಸಲು ಕೊಡಲು ತೊಡಗುತ್ತದೆ. ತುಂಬು ಫಸಲಿಗೆ ಏಳೆಂಟು ವರ್ಷ. ಅಷ್ಟು ಕಾಲ ಕಾಯಬಲ್ಲವನಿಗೆ ಭೂಮಿಯ ಭರವಸೆಯಿರಬೇಕು, ಮನೆಯಲ್ಲಿ ಬೇರೆ ಅನ್ನವಿರಬೇಕು. ಆದುದರಿಂದಲೇ ಮೆಣಸಿನ ಚರಿತ್ರೆಯೆಂದರೆ ರೇವುಪಟ್ಟಣಗಳ, ಹಡಗುಗಳ, ಒಪ್ಪಂದಗಳ ಚರಿತ್ರೆ. 1498ರಲ್ಲಿ ವಾಸ್ಕೋ ಡ ಗಾಮನನ್ನು ಕಲ್ಲಿಕೋಟೆಯ ಕಡಲಿಗೆ ಎಳೆದುದು ಈ ಬಳ್ಳಿ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರಿಂದ ಮೆಣಸಿನ ರಾಣಿಯೆಂಬ ಹೆಸರು ತಂದುದೂ ಇದೇ. ಬಯಲುಸೀಮೆಯಲ್ಲಿ ಜೋಳ ಬೆಳೆದು ಉಣ್ಣುವವನ ಹೊಲದಲ್ಲಿ ಇದು ಬದುಕುವ ಬೆಳೆಯಲ್ಲ. ಅವನು ಅದನ್ನು ಕೊಂಡೇ ತಿನ್ನಬೇಕಾಗಿತ್ತು.

ಗಿಡದ ಕಥೆ ಆರಂಭವಾಗುವುದೂ ಆ ಬಳ್ಳಿಯ ಹುಡುಕಾಟದಿಂದಲೇ. ಮೆಣಸಿನ ನಾಡಿಗೆ ಪಶ್ಚಿಮದ ದಾರಿ ಹುಡುಕುತ್ತ ಹೊರಟ ಕೊಲಂಬಸನು 1493ರ ಜನವರಿಯಲ್ಲಿ, ಕೆರಿಬಿಯನ್ ದ್ವೀಪದ ಜನ ‘ಅಹಿ’ ಎಂಬುದನ್ನು ಬಳಸುತ್ತಾರೆ, ಅದೇ ಅವರ ಮೆಣಸು ಎಂದು ದಿನಚರಿಯಲ್ಲಿ ಬರೆದುಕೊಂಡ. ಪೋರ್ಚುಗೀಸರ ಹಡಗುಗಳಲ್ಲಿ ಅದರ ಬೀಜ ಆಫ್ರಿಕವನ್ನು ಬಳಸಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಹರಡಿದ ವೇಗವೆಷ್ಟೆಂದರೆ, 1542ರಲ್ಲಿ ಜರ್ಮನಿಯ ಸಸ್ಯವಿದ್ವಾಂಸ ಫುಕ್ಸ್ ತನ್ನ ಗ್ರಂಥದಲ್ಲಿ ಇದರ ಚಿತ್ರ ಬಿಡಿಸಿ, ಇದು ಕಲ್ಲಿಕೋಟೆಯ ಮೆಣಸು ಎಂದು ಕರೆದ. ಐವತ್ತು ವರ್ಷಗಳಲ್ಲಿ ಗಿಡದ ತವರು ಎಲ್ಲಿಯದೆಂಬುದನ್ನೇ ಯುರೋಪು ಮರೆತಿತ್ತು!

ನಮ್ಮ ಸಾಹಿತ್ಯಕ್ಕೆ ಬಂದರೆ, 12ನೆಯ ಶತಮಾನದ ಚಾಲುಕ್ಯ ದೊರೆ ಸೋಮೇಶ್ವರನ ‘ಮಾನಸೋಲ್ಲಾಸ’ದ ಅರಮನೆ ಅಡುಗೆಯಲ್ಲಿ ಖಾರವೆಂದರೆ ಮೆಣಸು, ಶುಂಠಿಗಳು. ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದಾಗಲೂ ಕನ್ನಡದ ಒಲೆ ಹಳೆಯ ಖಾರದ ಮೇಲೆಯೇ ಉರಿಯುತ್ತಿತ್ತು. ಮೆಣಸಿನಕಾಯಿಯನ್ನೇ ಕುರಿತ ಒಂದು ಪದ ಪುರಂದರದಾಸರ ಹೆಸರಿನಲ್ಲಿದೆ. ಆಹಾರದ ಇತಿಹಾಸಕಾರ ಕೆ. ಟಿ. ಅಚಯ ಅವರು ಅದನ್ನು ತಮ್ಮ ಗ್ರಂಥದಲ್ಲಿ ಎತ್ತಿಕೊಂಡಿದ್ದಾರೆ. ಬಾಯಿಂದ ಬಾಯಿಗೆ ಬಂದ ಪದದ ಮೇಲೆ ಕಾಲನಿರ್ಣಯದ ಭಾರ ಹೊರಿಸುವುದು ಸರಿಯಲ್ಲ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ: ಬಣ್ಣವನ್ನೂ ರುಚಿಯನ್ನೂ ಹೇಳಿದ ಆ ಪದ, ಬಡವರಿಗೆ ಈ ಕಾಯಿ ಆಸರೆಯಾದುದನ್ನು ಹೇಳಲು ಮರೆಯುವುದಿಲ್ಲ.

ಬಡವರಿಗೆ ಆಸರೆಯಾದುದು ಹೇಗೆ? ಗಿಡದ ಬಳಿ ಬಾಗಿ ನೋಡಬೇಕು. ಸಸಿಮಡಿಯಲ್ಲಿ ಬಿತ್ತಿದ ಬೀಜ ಎಂಟು ಹತ್ತು ದಿನಗಳಲ್ಲಿ ಮೊಳೆಯುತ್ತದೆ. ಮೊದಮೊದಲು ಬೆಳವಣಿಗೆ ಮಂದ. ಆರು ವಾರ ಕಳೆದರೂ ಸಸಿ ಗೇಣುದ್ದ ಮೀರುವುದಿಲ್ಲ. ಹೊಲಕ್ಕೆ ಕಿತ್ತು ನೆಟ್ಟ ಮೇಲೆ ಅದರ ನಡೆ ಬದಲಾಗುತ್ತದೆ. ಒಂಟಿ ಕಾಂಡ ಎಂಟು ಹತ್ತು ಎಲೆ ಬಿಟ್ಟು, ತುದಿಯಲ್ಲಿ ಒಂದು ಹೂವನ್ನು ತಾಳಿ, ಅಲ್ಲಿಯೇ ಎರಡಾಗಿ ಕವಲೊಡೆಯುತ್ತದೆ. ಆ ಎರಡು ಕವಲುಗಳ ತುದಿಗೆ ಮತ್ತೆ ಒಂದೊಂದು ಹೂವು, ಮತ್ತೆ ಕವಲು. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗುತ್ತದೆ. ಮಾವು ಹಲಸುಗಳಂತೆ ಮೊದಲು ಬೆಳೆದು ಅನಂತರ ಫಲ ಕೊಡುವ ಕ್ರಮ ಇದರದಲ್ಲ; ಕವಲೊಡೆದು ಬೆಳೆಯುವುದೂ ಹೂ ಬಿಡುವುದೂ ಇದಕ್ಕೆ ಒಂದೇ ಕ್ರಿಯೆ. ಬಿತ್ತಿದ ನಾಲ್ಕು ತಿಂಗಳಿಗೆ ಹಸಿಕಾಯಿ, ಐದನೆಯ ತಿಂಗಳಿಗೆ ಕೆಂಪು ಹಣ್ಣು. ಎರಡು ಮೂರು ಅಡಿಯ ಗಿಡ. ಮೈತುಂಬ ಕಾಯಿ ಹೊತ್ತಾಗ ಎತ್ತರದ ಆಸೆಯನ್ನು ತಾನೇ ಬಿಡುತ್ತದೆ, ಹಸಿಕಾಯಿ ಬಿಡಿಸಿದರೆ ಮತ್ತೆ ಚಿಗುರುತ್ತದೆ.

ಈ ಲೆಕ್ಕವನ್ನು ಬಳ್ಳಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಗೇಣಿಯ ಹೊಲದವನೂ ಒಂದು ಮಳೆಗಾಲದಲ್ಲಿ ಖಾರ ಬೆಳೆಯಬಲ್ಲ. ಏರಲು ಮರ ಬೇಡ, ಕೊಯ್ಯಲು ಏಣಿ ಬೇಡ. ಒಂದು ಹಣ್ಣಿನಲ್ಲಿ ಹತ್ತಾರು ಬೀಜ. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಮಗಳು ಗಂಡನ ಊರಿಗೆ ಒಯ್ಯಬಹುದು. ಒಣಗಿಸಿದರೆ ವರ್ಷವಿಡೀ ರೊಟ್ಟಿಗೆ ಚಟ್ನಿ. 1800ರ ಸುಮಾರಿಗೆ ನಮ್ಮ ಸೀಮೆಯಲ್ಲಿ ಸುತ್ತಾಡಿ 1807ರಲ್ಲಿ ಪ್ರವಾಸಗ್ರಂಥವನ್ನು ಪ್ರಕಟಿಸಿದ ಬುಕಾನನ್‌ಗೆ, ಅದು ಊರಿನ ಉಳಿದ ಬೆಳೆಗಳ ಸಾಲಿನ ಒಂದು ಬೆಳೆ ಅಷ್ಟೆ. ಗಿಡದ ಗಿಡ್ಡತನಕ್ಕೆ ಇನ್ನೊಂದು ಮುಖವೂ ಇದೆ. ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಒಂದೇ ಹೊಲವನ್ನು ಮೂರು ನಾಲ್ಕು ಸಲ ಬಿಡಿಸಬೇಕು, ಬಾಗಿದ ಸೊಂಟ ಸಂಜೆಯವರೆಗೂ ನೆಟ್ಟಗಾಗುವುದಿಲ್ಲ. ಖಾರ ಅಗ್ಗವಾಯಿತೆನ್ನುವಾಗ ಆ ಸೊಂಟಗಳ ಲೆಕ್ಕವನ್ನೂ ಬರೆದಿಡುವುದು ನ್ಯಾಯ.

ಆದರೆ ವರ್ಷಕ್ಕೊಂದು ಗಿಡ ಎಂಬುದು ನಿಸರ್ಗದ ನಿಯಮವಲ್ಲ. 1753ರಲ್ಲಿ ಲಿನೇಯಸ್ ಈ ಕುಲಕ್ಕೆ ಎರಡು ಜಾತಿಗಳನ್ನು ಹೇಳಿ, ಒಂದಕ್ಕೆ ‘ಆನ್ಯುಮ್’, ಎಂದರೆ ಒಂದು ವರ್ಷದ್ದು, ಮತ್ತೊಂದಕ್ಕೆ ‘ಫ್ರುಟೆಸೆನ್ಸ್’, ಎಂದರೆ ಪೊದೆಯಾಗುವುದು, ಎಂದು ಹೆಸರಿಟ್ಟ. ಹಿಮ ಬೀಳುವ ನಾಡಿನ ತೋಟದಲ್ಲಿ ಮೊದಲನೆಯದು ಚಳಿಗೆ ಸಾಯುತ್ತಿದ್ದುದು ನಿಜ. ಬಿಸಿಲುನಾಡಿನಲ್ಲಿ ನೀರು ದೊರೆತರೆ ಅದೂ ಹಲವು ವರ್ಷ ಬಾಳುತ್ತದೆ. ನಮ್ಮ ಹಿತ್ತಲಿನ ಗಾಂಧಾರಿ ಮೆಣಸಿನ ಗಿಡ, ಕೆಲವರು ಸೂಜಿಮೆಣಸು ಎನ್ನುವುದು, ಬಚ್ಚಲ ನೀರು ಕುಡಿದು ನನ್ನ ಎದೆಯೆತ್ತರಕ್ಕೆ ಬೆಳೆದು ಐದಾರು ವರ್ಷ ಕಾಯಿ ಕೊಟ್ಟಿತು. ಯಾರೂ ನೆಟ್ಟುದಲ್ಲ, ಹಕ್ಕಿ ಹಾಕಿದ ಬೀಜ. ನಮ್ಮ ನಾಲಗೆಯನ್ನು ಸುಡುವ ಖಾರ ಹಕ್ಕಿಗಳಿಗೆ ತಟ್ಟುವುದಿಲ್ಲ. ಆಂಡೀಸ್ ಬೆಟ್ಟಗಳ ಇನ್ನೊಂದು ಜಾತಿಯಂತೂ ಆಳೆತ್ತರ ಮೀರಿ ಮರದಂತಾಗುತ್ತದೆ. ಕಾಡುಗಿಡದ ಕಾಯಿ ಪುಟ್ಟದು, ಮೇಲ್ಮುಖವಾದುದು, ಹಣ್ಣಾದೊಡನೆ ತೊಟ್ಟು ಕಳಚುವಂಥದು. ಅಮೆರಿಕದ ಮೂಲನಿವಾಸಿಗಳು ಆರು ಸಾವಿರ ವರ್ಷಗಳಿಗೂ ಹಿಂದಿನಿಂದ ಬೀಜ ಆರಿಸಿ ಆರಿಸಿ, ಜೋಲುವ, ದೊಡ್ಡ, ಕೈಗೆ ಕಾದು ನಿಲ್ಲುವ ಕಾಯನ್ನು ಮಾಡಿದರು. ಪೋರ್ಚುಗೀಸರು ತಂದುದು ಆ ಅನಾಮಿಕ ರೈತರ ವಿದ್ಯೆಯನ್ನು.

ಅದೇ ವಿದ್ಯೆ ಹಾವೇರಿ, ಧಾರವಾಡದ ಕಪ್ಪು ನೆಲದಲ್ಲಿ ಮುಂದುವರಿದು ಬ್ಯಾಡಗಿ ಮೆಣಸಿನಕಾಯಿಯಾಯಿತು. ಸುಕ್ಕುಗಟ್ಟಿದ ಮೈ, ಕಡುಗೆಂಪು ಬಣ್ಣ, ಹೆಸರಿಗಷ್ಟೇ ಖಾರ. ಅಲ್ಲಿನ ಒಕ್ಕಲು ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹಾಕುತ್ತಿದ್ದ. ಮೊದಲು ಉಳ್ಳಾಗಡ್ಡಿ ಕಿತ್ತು ಬರುತ್ತಿತ್ತು, ತೆರವಾದ ಜಾಗದಲ್ಲಿ ಮೆಣಸಿನಗಿಡ ಹರವಿಕೊಳ್ಳುತ್ತಿತ್ತು, ಅದರ ಕಾಯಿ ಮುಗಿಯುವಾಗ ಹತ್ತಿ ಒಡೆಯುತ್ತಿತ್ತು. ಮೂರು ಬೆಳೆಗಳ ಬೆಳವಣಿಗೆಯ ವೇಗವನ್ನು ತಿಳಿದವನು ಮಾತ್ರ ಹೂಡಬಲ್ಲ ಲೆಕ್ಕಾಚಾರವದು.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ವಿಪರ್ಯಾಸವೆಂದರೆ, ಇಂದು ಬ್ಯಾಡಗಿಯ ಪೇಟೆಗೆ ಬರುವ ರಾಶಿಯಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರಗಳ ನೀರಾವರಿ ಹೊಲಗಳಲ್ಲಿ ಬೆಳೆದ ಸಂಕರಣ ತಳಿಗಳದು. ಅವು ಎಕರೆಗೆ ಹೆಚ್ಚು ಕಾಯಿ ಕೊಡುತ್ತವೆ, ಪ್ರತಿ ವರ್ಷ ಅಂಗಡಿಯ ಬೀಜ ಕೇಳುತ್ತವೆ, ಗೊಬ್ಬರ ಔಷಧಿಗಳಿಗೆ ಸಾಲ ಬೇಡುತ್ತವೆ. ಮಳೆಯನ್ನೇ ನಂಬಿದ ನಾಡತಳಿ ಆ ಇಳುವರಿಯೊಡನೆ ಸ್ಪರ್ಧಿಸಲಾರದು. ಎಲೆ ಮುದುಡಿ ಬೆಳವಣಿಗೆ ನಿಲ್ಲಿಸುವ ಮುಟುರು ರೋಗವೂ ಅದನ್ನು ಹಿಂಡಿದೆ. 2024ರ ಮಾರ್ಚ್ ತಿಂಗಳಲ್ಲಿ ದರ ಒಮ್ಮೆಗೇ ಕುಸಿದಾಗ ಕೆರಳಿದ ಬೆಳೆಗಾರರು ಅಲ್ಲಿನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಬಡವನು ಕೊಳ್ಳದೆ ಬೆಳೆದುಕೊಳ್ಳಬಹುದಾದ ಖಾರ ಎಂಬ ಹೆಗ್ಗಳಿಕೆಯಿಂದ ಬಂದ ಗಿಡ, ಬೆಳೆದವನನ್ನೇ ಸಾಲದಲ್ಲಿ ನಿಲ್ಲಿಸುವಷ್ಟು ದೂರ ಬಂದಿದೆ.

ನಾಡತಳಿಯನ್ನು ಬಿಡದ ಮನೆಗಳು ಹಾವೇರಿಯ ಸುತ್ತ ಇನ್ನೂ ಕೆಲವಿವೆ. ಅವರು ಕಣದಲ್ಲಿ ಒಣಗಿದ ಕಾಯಿಗಳಲ್ಲಿ ಉದ್ದವಾದುದನ್ನು, ಚೆನ್ನಾಗಿ ಸುಕ್ಕುಗಟ್ಟಿದುದನ್ನು, ಬಣ್ಣ ಕಟ್ಟಿದುದನ್ನು ಬೇರೆ ಆರಿಸುತ್ತಾರೆ. ಅದನ್ನು ಮಾರುವುದಿಲ್ಲ, ಮುಂದಿನ ಮುಂಗಾರಿನ ಸಸಿಮಡಿಗೆಂದು ಬೀಜ ಬಿಡಿಸಿ ತೆಗೆದಿಡುತ್ತಾರೆ.